ಪೈಲ್ವಾನರ ಕಿವಿಗೆ ಕಠ್ಮಂಡುವಿನ ಸೂಜಿ

ಹಳಿಯಾಳ

ರೊಟ್ಟಿ ಬಡಿಯುವುದು ನನ್ನ ಕಸುಬು. ಹಳಿಯಾಳದ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ, ದಾಂಡೇಲಿ ಕಡೆಯ ರಿಸಾರ್ಟುಗಳಿಗೆ ನಮ್ಮ ಮನೆಯಿಂದಲೇ ಜೋಳದ ರೊಟ್ಟಿಯ ಬುಟ್ಟಿಗಳು ಹೋಗುತ್ತವೆ. ಊರೆಲ್ಲ ತಿನ್ನುವ ಆ ರೊಟ್ಟಿಯನ್ನು ನನ್ನ ಗಂಡ ತಿನ್ನಲಾರದೆ ಕುಳಿತಾಗ ನನಗೆ ಒಲೆಯ ಮುಂದೆ ಕೂರುವುದೇ ಬೇಡವೆನಿಸಿತ್ತು.

ನಮ್ಮವರು ಕುಸ್ತಿಯವರು. ಗಂಡನ ಹೆಸರು ಹಿಡಿದು ಹೇಳುವ ರೂಢಿ ನನಗಿಲ್ಲ, ಊರವರು ಕರೆಯುವ ಹಾಗೆ ಇಲ್ಲಿಯೂ ಪೈಲ್ವಾನರು ಎಂದೇ ಬರೆಯುತ್ತೇನೆ. ಅವರ ದವಡೆಯೊಳಗೆ ಹುಣ್ಣಾಯಿತು, ಅದು ಕ್ಯಾನ್ಸರ್ ಎಂದು ಗೊತ್ತಾಯಿತು, ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ರೋಗ ಹೋಯಿತು, ಹೋಗುವಾಗ ಬಾಯೊಳಗಿನ ಜೊಲ್ಲನ್ನೂ ಕರೆದುಕೊಂಡು ಹೋಯಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ಇವರಿಗೆ ಎರಡೂ ಇದ್ದವು, ನುಂಗಲು ಪಸೆ ಇರಲಿಲ್ಲ. ಗಂಜಿ, ಮಜ್ಜಿಗೆಯಲ್ಲಿ ಕಿವುಚಿದ ಅನ್ನ, ಕೈಯಲ್ಲಿ ಸದಾ ನೀರಿನ ಬಾಟಲಿ. ನಾಲ್ಕು ಮಾತಾಡಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ನಮ್ಮ ಓಣಿಯ ತುದಿಯಲ್ಲಿ ಗರಡಿ ಇದೆ. ಅದನ್ನು ಕಟ್ಟಿದವರು ಹಸನಸಾಬ ವಸ್ತಾದರು, ಅಂದರೆ ಕುಸ್ತಿಯ ಗುರುಗಳು. ಅವರು ತೀರಿಕೊಂಡ ಮೇಲೆ ನಡೆಸಿದವರು ಪೈಲ್ವಾನರು. ಕುಸ್ತಿ ಕಲಿಸುವುದೆಂದರೆ ಒಂದೊಂದು ಪಟ್ಟಿಗೂ ಕೂಗಿ ಹೇಳಬೇಕು. ಕೂಗಲು ಆಗದವರು ಕೆಲವು ದಿನ ಹೊಸ್ತಿಲ ಮೇಲೆ ಬಾಟಲಿ ಹಿಡಿದು ಕುಳಿತರು, ಆಮೇಲೆ ಗರಡಿಯ ಬಾಗಿಲು ತೆಗೆಯುವುದನ್ನೇ ಬಿಟ್ಟರು. ಮನೆಯಲ್ಲೂ ಮೂಕರಾದರು. ನನಗೆ ಬೇಕಾಗಿದ್ದು ಇಷ್ಟೇ: ಆ ಬಾಯಿ ಮತ್ತೆ ಒಂದು ತುತ್ತು ರೊಟ್ಟಿ ನುಂಗಬೇಕು, ಆ ಬಾಗಿಲು ಮತ್ತೆ ತೆರೆಯಬೇಕು.

ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಹೋಟೆಲು ನಡೆಸುವ ಅಜ್ಜಿಯೊಬ್ಬರು ನನ್ನ ಕಾಯಂ ಗಿರಾಕಿ. ಅವರ ಮಗಳು ದೋಲ್ಮಾ ಕಠ್ಮಂಡುವಿನಲ್ಲಿ ಕಿವಿಗೆ ಸೂಜಿ ಹಾಕುವ ಚಿಕಿತ್ಸೆ ಮಾಡುತ್ತಾಳೆ, ಕರೆಂಟು ತೆಗೆದುಕೊಂಡು ಬಾಯಿ ಒಣಗಿದವರೂ ಅವಳ ಬಳಿ ಬರುತ್ತಾರೆ ಎಂದು ಅಜ್ಜಿ ಹೇಳಿದರು. ನಾನು ಹುಬ್ಬಳ್ಳಿಯ ಡಾಕ್ಟರರನ್ನು ಕೇಳಿದೆ. "ನಮ್ಮ ಔಷಧದ ಜೋಡಿಗೆ ಬೇಕಾರ ಮಾಡಿಸ್ರಿ. ಕೆಲವರಿಗೆ ಸ್ವಲ್ಪ ಆರಾಮ ಅನಸತೈತಿ, ಕೆಲವರಿಗೆ ಏನೂ ಇಲ್ಲ. ಚೆಕಪ್ ಮಾತ್ರ ತಪ್ಪಸಬ್ಯಾಡ್ರಿ," ಎಂದರು. ಸೂಜಿ ಹಾಕುವವರು ಇಲ್ಲೂ ಇದ್ದಾರಲ್ಲ ಎಂದು ನಾದಿನಿ ತಗಾದೆ ತೆಗೆದಳು. ಇದ್ದಾರೆ, ಆದರೆ ಪೈಲ್ವಾನರು ಯಾರ ಬಳಿಯೂ ಬರಲು ಒಪ್ಪಿರಲಿಲ್ಲ. ಪಶುಪತಿನಾಥನ ದರ್ಶನಕ್ಕೆ ಹೋಗೋಣ ಎಂದಾಗ ಮಾತ್ರ ಗೋಣು ಹಾಕಿದರು. ದೇವರನ್ನು ಮುಂದೆ ಮಾಡಿ ಸೂಜಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಾನು ಗಂಟು ಕಟ್ಟಿದೆ.

ಸುನೌಲಿಯ ಗಡಿ

ರೈಲಿನಲ್ಲಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ. ಪರದೇಶಕ್ಕೆ ಹೋಗುವುದೆಂದರೆ ಸಮುದ್ರವನ್ನೋ ಆಕಾಶವನ್ನೋ ದಾಟಬೇಕು ಎಂದು ತಿಳಿದವಳು ನಾನು. ಇಲ್ಲಿ ಒಂದು ಕಮಾನು, ಅದರಡಿ ಸೈಕಲ್ ರಿಕ್ಷಾ, ಈರುಳ್ಳಿ ಚೀಲ, ಮದುವೆಗೆ ಹೊರಟ ಹೆಂಗಸರು. ನಮ್ಮ ಸಂತೆಯ ದಿನ ಬಸ್‌ಸ್ಟ್ಯಾಂಡ್ ಹತ್ತಿರ ಇದಕ್ಕಿಂತ ಹೆಚ್ಚು ತಪಾಸಣೆ ನಡೆಯುತ್ತದೆ.

ಭಾರತದ ಕಡೆ ಕಾವಲಿದ್ದ ಜವಾನ ನನ್ನ ಗುರುತಿನ ಚೀಟಿ ನೋಡಿದ. ಪೈಲ್ವಾನರ ಚೀಟಿ ಕೈಯಲ್ಲೇ ಉಳಿಯಿತು, ಅವನ ಕಣ್ಣು ಅವರ ಕಿವಿಯ ಮೇಲಿತ್ತು. ಆ ಕಿವಿಗಳ ಬಗ್ಗೆ ಹೇಳಲೇಬೇಕು. ಮಣ್ಣಿಗೆ ತಿಕ್ಕಿ ತಿಕ್ಕಿ, ಎದುರಾಳಿಯ ತೋಳಿನಡಿ ಸಿಕ್ಕಿ ಸಿಕ್ಕಿ, ಮೇಲಿನ ಅಂಚೆಲ್ಲ ಹಿಚುಕಿಟ್ಟ ಕಡುಬಿನ ಹಾಗೆ ಗಟ್ಟಿಯಾಗಿವೆ. ಹೆಣ್ಣು ನೋಡಲು ಬಂದಾಗ ನಾನು ಹೆದರಿದ್ದೆ. ಕುಸ್ತಿ ಬಲ್ಲವರಿಗೆ ಮಾತ್ರ ಅದು ಬೆಳ್ಳಿ ಗದೆಗಿಂತ ಹೆಚ್ಚು.

"ಪೈಲ್ವಾನ್ ಹೋ?" ಎಂದು ಜವಾನ ಕೇಳಿದ. ಅವನೂ ಆ ಸೀಮೆಯ ಅಖಾಡದ ಹುಡುಗನಂತೆ.

ಪೈಲ್ವಾನರು ನೀರು ಗುಟುಕರಿಸಿ, "ಇದ್ದೆ," ಎಂದರು ಹಿಂದಿಯಲ್ಲಿ.

ಜವಾನ ಸಲಾಮು ಮಾಡಿ, ನಿಮ್ಮ ಉಸ್ತಾದರು ಯಾರು ಎಂದು ಕೇಳಿದ. ಇವರು ಕೇಳಿಸದವರ ಹಾಗೆ ಬಾಟಲಿಯ ಮುಚ್ಚಳ ತಿರುಗಿಸುತ್ತ ಮುಂದೆ ನಡೆದುಬಿಟ್ಟರು. ನನಗೆ ಅದು ಹಿಡಿಸಲಿಲ್ಲ. ನಮ್ಮ ಗರಡಿಯಲ್ಲಿ ವಸ್ತಾದರ ಹೆಸರು ಹೇಳುವಾಗ, ಕೇಳುವಾಗ, ಶಿಷ್ಯನಾದವನು ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳಬೇಕು. ದೊಡ್ಡವರ ಹೆಸರು ಎತ್ತುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ ಎಂಬ ಅರ್ಥ. ಮದುವೆಯಾದ ಹೊಸತರಲ್ಲಿ ಇವರ ಕೈ ದಿನವಿಡೀ ಕಿವಿಯಲ್ಲೇ ಇರುತ್ತಿತ್ತು, ಕಿವಿನೋವೇನೋ ಎಂದು ಅತ್ತೆಯನ್ನು ಕೇಳಿ ನಗೆಪಾಟಲಾಗಿದ್ದೆ. ಆ ಕೈ ಕಿವಿಗೆ ಹೋದದ್ದನ್ನು ನೋಡಿ ಬಹಳ ಕಾಲವಾಗಿತ್ತು ಎಂದು ಗಡಿ ದಾಟಿದ ಮೇಲೆ ಹೊಳೆಯಿತು.

ಬೌದ್ಧನಾಥ

ಬೆಟ್ಟದ ದಾರಿಯಲ್ಲಿ ಬಸ್ಸು ಕುಲುಕಿದ ಕುಲುಕಿಗೆ ನನ್ನ ಖಡಕ್ ರೊಟ್ಟಿಗಳೆಲ್ಲ ಪುಡಿಯಾದವು. ಬಸ್ ನಿಂತಲ್ಲಿ ಊಟಕ್ಕೆ ದಾಲ್-ಭಾತ್. ಆ ಜನ ಅನ್ನದ ಮೇಲೆ ಬೇಳೆಯ ಸಾರನ್ನು ಹೊಳೆಯ ಹಾಗೆ ಹರಿಸುತ್ತಾರೆ, ಸಾಕು ಎನ್ನುವ ಮೊದಲೇ ಮತ್ತೊಂದು ಸೌಟು. ನಮ್ಮಲ್ಲಿ ರೊಟ್ಟಿಗೆ ಪಲ್ಯ ಗಟ್ಟಿ ಇರದಿದ್ದರೆ ಅಡಿಗೆಯವಳ ಮಾನ ಹೋಗುತ್ತದೆ. ಪೈಲ್ವಾನರಿಗೆ ಮಾತ್ರ ಈ ದೇಶ ಬಾಯಿಗೆ ಹೊಂದಿತು.

ಬೌದ್ಧನಾಥದ ಸ್ತೂಪದ ಹತ್ತಿರ ದೋಲ್ಮಾ ನಿಂತಿದ್ದಳು. ಉದ್ದನೆಯ ಟಿಬೆಟನ್ ಉಡುಪು, ಅದರ ಮೇಲೆ ಸ್ವೆಟರು. ಸುತ್ತಲೂ ಅರಿಯದ ಭಾಷೆಗಳು ಗಿಜಿಗುಡುತ್ತಿರುವಾಗ, "ಬರ್ರಿ ಕಾಕು, ದಾರಿಯಾಗ ತ್ರಾಸ ಆಗಲಿಲ್ಲಲಾ?" ಎಂದಳು. ನನ್ನ ಕಣ್ಣು ತುಂಬಿದವು. ಮುಂಡಗೋಡದಲ್ಲಿ ಅವಳ ಮನೆಯವರ ಗೋವಿನಜೋಳದ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಹೆಂಗಸರ ಬಾಯಲ್ಲಿ ಕಲಿತ ಕನ್ನಡ ಅದು. ಅಷ್ಟು ದೂರ ಹೋಗಿಯೂ ಮಾಸಿರಲಿಲ್ಲ.

ಅವಳ ಚಿಕಿತ್ಸಾಲಯ ಒಂದು ಸಂದಿಯಲ್ಲಿ, ಬೆಣ್ಣೆ ದೀಪ ಮಾರುವ ಅಂಗಡಿಯ ಮೇಲಿನ ಮಾಳಿಗೆಯಲ್ಲಿದೆ. ಗೋಡೆಗುಂಟ ಕುರ್ಚಿಗಳು. ಜನ ಕಿವಿಯಲ್ಲಿ ಕೂದಲೆಳೆಯಂಥ ಸೂಜಿಗಳನ್ನು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕುಳಿತಿರುತ್ತಾರೆ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ನಮ್ಮ ಹುಬ್ಬಳ್ಳಿಯ ಆಸ್ಪತ್ರೆಯ ಬೆಂಚಿನಲ್ಲಾದರೆ ಪಕ್ಕದವರು ನಮ್ಮ ರೋಗ, ನಮ್ಮ ಜಾತಕ, ಮಗಳ ಮದುವೆಯ ವಿಷಯ ಎಲ್ಲ ಕೇಳಿ ಮುಗಿಸಿ, ತಮ್ಮ ಚಿಕ್ಕಪ್ಪ ಇದೇ ರೋಗದಲ್ಲಿ ಸತ್ತದ್ದನ್ನೂ ಹೇಳಿ ಎದ್ದಿರುತ್ತಿದ್ದರು. ಈ ಮೌನ ನನಗೆ ಮೊದಲು ಉಸಿರು ಕಟ್ಟಿಸಿತು, ಆಮೇಲೆ ಹಿತವಾಯಿತು.

ಇನ್ನೊಂದು ರೂಢಿ ಪೈಲ್ವಾನರನ್ನು ಕದಡಿತು. ಅಲ್ಲಿಯ ಜನ ಚುರ್ಪಿ ಎಂಬ ಗಟ್ಟಿ ಚೀಸಿನ ತುಂಡನ್ನು ದವಡೆಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ಚೀಪುತ್ತ ಓಡಾಡುತ್ತಾರೆ. ಮುದುಕಿಯರು, ಪೋಲೀಸರು, ಸನ್ಯಾಸಿಗಳು, ಎಲ್ಲರ ಕೆನ್ನೆಯೂ ಒಂದು ಕಡೆ ಉಬ್ಬಿರುತ್ತದೆ. ದೂರದಿಂದ ನೋಡಿದರೆ ಗುಟಖಾ ಹಾಕಿದ ನಮ್ಮ ಊರ ಗಂಡಸರೇ. ಪೈಲ್ವಾನರು ಅವರ ಕೆನ್ನೆಗಳನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಸೂಜಿಯ ದಿನ

ದೋಲ್ಮಾ ಮೊದಲೇ ಹೇಳಿದಳು: "ಕಾಕಾ, ಇದು ರೋಗಾ ಕಳಿಯೂ ಸೂಜಿ ಅಲ್ಲ. ಜೊಲ್ಲ ಸ್ವಲ್ಪ ಬಂದ್ರ ಬಂತು. ಬರಲಿಲ್ಲಂದ್ರ ನಾ ಹೊಣಿ ಅಲ್ಲ. ನಿಮ್ಮ ಡಾಕ್ಟರ ಔಷಧ ಬಿಡಬ್ಯಾಡ್ರಿ." ಪೈಲ್ವಾನರು ನನ್ನನ್ನು ದುರುಗುಟ್ಟಿ ನೋಡಿದರು. ಪಶುಪತಿಯ ದಾರಿ ಈ ಮಾಳಿಗೆಯ ಮೇಲಿಂದ ಹೋಗುತ್ತದೆಂದು ಆಗಷ್ಟೇ ಅವರಿಗೆ ಗೊತ್ತಾಗಿತ್ತು. ಆದರೆ ಹೆಣ್ಣುಮಗಳು ಕುರ್ಚಿ ಎಳೆದು ಕೂರಿಸಿದ ಮೇಲೆ ಎದ್ದುಹೋಗುವ ಸ್ವಭಾವ ಅವರದಲ್ಲ.

ಅವಳ ಗೋಡೆಯ ಮೇಲೆ ಕಿವಿಯ ದೊಡ್ಡ ಚಿತ್ರವಿತ್ತು, ಯಾವ ಗೆರೆಯಲ್ಲಿ ಯಾವ ಬಿಂದು ಎಂದು ಗುರುತು ಹಾಕಿದ್ದು. ಮೊಂಡು ತುದಿಯ ಕಡ್ಡಿಯಿಂದ ಪೈಲ್ವಾನರ ಕಿವಿಯನ್ನು ಒತ್ತಿ ಒತ್ತಿ ನೋಡಿದಳು. ಚಿತ್ರದಲ್ಲಿದ್ದ ಗೆರೆಗಳು ಈ ಕಿವಿಯಲ್ಲಿ ಇರಲಿಲ್ಲ. ಮೇಲೆ ಹಾಕಲು ಹೋದ ಸೂಜಿ ಬಾಗಿತು. "ಇಂಥಾ ಕಿವಿ ನಾ ನೋಡೇ ಇಲ್ಲ," ಎಂದಳು. ಇಷ್ಟು ದೂರ ಬಂದು ಕಿವಿಯೇ ಇಲ್ಲವೆಂದಾಯಿತಲ್ಲ ಎಂದುಕೊಂಡೆ. ಕೊನೆಗೆ ಹಾಲೆಯ ಸುತ್ತ ಮೆತ್ತಗೆ ಇರುವ ಕಡೆ ಸೂಜಿಗಳು ಕೂತವು, ತೋರುಬೆರಳಿನ ಉಗುರಿನ ಪಕ್ಕಕ್ಕೂ ಒಂದು.

ಪೈಲ್ವಾನರ ಮೈ ಬಿಗಿದುಕೊಂಡಿತ್ತು. ಅವರ ಮನಸ್ಸು ಬೇರೆ ಕಡೆ ತಿರುಗಿಸಲೆಂದು ದೋಲ್ಮಾ ಮಾತು ತೆಗೆದಳು. "ನಾ ಸಣ್ಣಾಕಿ ಇದ್ದಾಗ ನಮ್ಮಪ್ಪ ಹಳಿಯಾಳದ ಕುಸ್ತಿ ತೋರಸಾಕ ಕರಕೊಂಡು ಹೋಗಿದ್ದ ಕಾಕಾ. ಬಿಳೇ ರುಮಾಲಿನವರೊಬ್ಬರು ಕಣದಾಗ ನಿಂತಿದ್ರು. ಹಸನಸಾಬ ವಸ್ತಾದರು ಅಂತ ಎಲ್ಲಾರೂ ಕಾಲ ಬೀಳತಿದ್ರು."

ಅಷ್ಟೇ. ಪೈಲ್ವಾನರ ಕೈ ತಾನಾಗಿ ಎದ್ದು, ಹಾಲೆಯನ್ನು ಸೂಜಿ ಸಮೇತ ಹಿಡಿಯಿತು. ರಕ್ತ ಬಂತು. ದೋಲ್ಮಾ ಗಾಬರಿಯಾಗಿ ಅರಳೆ ಒತ್ತಿದಳು. ಕಣ್ಣು ಮುಚ್ಚಿ ಕುಳಿತ ನೇಪಾಳಿಗಳೆಲ್ಲ ಕಣ್ಣು ತೆರೆದರು. ಪೈಲ್ವಾನರು ಮಾತ್ರ ಕೈ ತೆಗೆಯಲಿಲ್ಲ. ಕರೆಂಟು ಕೊಟ್ಟಾಗಲೂ ಅಳದ ಮನುಷ್ಯ, ಕಿವಿ ಹಿಡಿದುಕೊಂಡು ಅತ್ತರು.

ಸ್ತೂಪದ ಸುತ್ತ

ಸಂಜೆ ಸ್ತೂಪದ ಸುತ್ತ ನಡೆದೆವು. ಅಲ್ಲಿ ಎಲ್ಲರೂ ಬಲಕ್ಕೇ ಸುತ್ತುತ್ತಾರೆ, ನಮ್ಮ ಗುಡಿಯ ಪ್ರದಕ್ಷಿಣೆಯ ಹಾಗೆ. ವ್ಯತ್ಯಾಸವೆಂದರೆ ಅಲ್ಲಿ ಸುತ್ತುತ್ತಲೇ ಸುದ್ದಿ, ಜಗಳ, ವ್ಯಾಪಾರ ಎಲ್ಲ ನಡೆಯುತ್ತದೆ. ಪೈಲ್ವಾನರು ನೀರು ಕುಡಿಯುತ್ತ, ನಿಲ್ಲುತ್ತ, ಹೆಸರೆತ್ತದೆ ವಸ್ತಾದರ ವಿಷಯ ಹೇಳಿದರು.

"ಗರಡಿಯೊಳಗ ತಂಬಾಕ ಮುಟ್ಟಬಾರದು ಅಂತ ಅವರ ಕಟ್ಟು. ಬೀಡಿ ವಾಸನಿ ಬಂದ್ರ ದಿನಪೂರ್ತಿ ಮಣ್ಣ ಸೋಸಸತಿದ್ರು. ನಾ ದಾಂಡೇಲಿ ಮಿಲ್ಲಿನ್ಯಾಗ ಪಾಳಿ ಮಾಡುವಾಗ ನಿದ್ದಿ ಬರಬಾರದಂತ ಗುಟಖಾ ಹಿಡದೆ. ಅವರು ಇರೂತನಕ ಕದ್ದು ತಿಂದೆ. ಅವರು ಹೋದ ಮ್ಯಾಲ ಎಲ್ಲಾರ ಎದುರಿಗೇ ತಿಂದೆ. ಈ ಬಾಯಿಲೆ ಅವರ ಹೆಸರ ಹೆಂಗ ತೊಗೊಳ್ಳಿ?"

ಗರಡಿಗೆ ಹೋಗದಿರುವುದು ಬಾಯಿ ಒಣಗಿದ್ದಕ್ಕೆ ಎಂದು ನಾನು ನಂಬಿದ್ದೆ. ನನಗೆ ಸಿಟ್ಟು ಬಂತು. "ಇಷ್ಟು ದಿನ ನನಗ್ಯಾಕ ಹೇಳಲಿಲ್ಲ?" ಎಂದೆ. "ನೀ ನನ್ನ ಬಾಯಿಗೆ ಗಂಜಿ ಹಾಕೂಮುಂದ ಹೆಂಗ ಹೇಳಲಿ?" ಎಂದರು.

ಮರುದಿನ ದೋಲ್ಮಾ ಮತ್ತೆ ಸೂಜಿ ಹಾಕಿ ತೆಗೆದ ಮೇಲೆ, ಹಾಲೆಗೆ ಸಾಸಿವೆಯಂಥ ಬೀಜಗಳನ್ನು ಸಣ್ಣ ಪಟ್ಟಿಯಿಂದ ಅಂಟಿಸಿದಳು. ದಿನಕ್ಕೆ ಹಲವು ಸಲ ಅವನ್ನು ಮೆಲ್ಲಗೆ ಒತ್ತಿಕೊಳ್ಳಬೇಕು, ಆಗ ಸೂಜಿಯ ಕೆಲಸ ಮುಂದುವರಿಯುತ್ತದೆ ಎಂದಳು. ಪೈಲ್ವಾನರು ಹೂಂ ಎಂದರು. ಒತ್ತಲಿಲ್ಲ. ಕಿವಿಗೆ ಕಾಳು ಅಂಟಿಸಿಕೊಂಡು ಕೂತಿದ್ದೇ ಸಾಕು, ಅದನ್ನು ಹಿಸುಕುತ್ತ ಬೇರೆ ಕೂರಬೇಕೇ ಎಂಬ ಭಾವ. ನಾನು ನೆನಪಿಸಿದರೆ ಇನ್ನಷ್ಟು ಬಿಗಿಯುತ್ತಿದ್ದರು.

ನಾನು ಅದನ್ನು ದೋಲ್ಮಾಗೆ ಹೇಳಿದೆ. ಅವಳು ನನ್ನನ್ನು ಪಕ್ಕಕ್ಕೆ ಕರೆದು, "ಕಾಕು, ಒತ್ತು ಅನಬ್ಯಾಡ್ರಿ. ವಸ್ತಾದರ ಕಥಿ ಕೇಳ್ರಿ," ಎಂದಳು.

ಆ ಕಥೆಗಳನ್ನು ನಾನು ಮದುವೆಯಾದ ದಿನದಿಂದ ಕೇಳಿ ಬೇಸತ್ತವಳು. ಈಗ ಹೊಸಬಳಂತೆ ಕೇಳತೊಡಗಿದೆ. ಕಾಳಿ ನದಿಯಲ್ಲಿ, ಮೌಳಂಗಿಯ ಬಳಿ ಕುತ್ತಿಗೆಯವರೆಗೆ ನಿಲ್ಲಿಸಿ ಉಸಿರು ಕಲಿಸುತ್ತಿದ್ದದ್ದು ಹೇಗೆ? ಕುಂಬಾರವಾಡದಿಂದ ನಡೆದು ಬಂದ ಹುಡುಗನಿಗೆ ತಮ್ಮ ಪಾಲಿನ ಹಾಲು ಕೊಟ್ಟದ್ದು ಯಾವ ವರ್ಷ? ಬೇಕೆಂದೇ ತಪ್ಪು ಹೇಳುತ್ತಿದ್ದೆ, ಅವರು ಸಿಟ್ಟಿನಿಂದ ತಿದ್ದುತ್ತಿದ್ದರು. ಹಸನಸಾಬ ವಸ್ತಾದರು ಎಂದಾಗೆಲ್ಲ ಬೆರಳು ಹಾಲೆಗೆ ಹೋಗುತ್ತಿತ್ತು, ಬೀಜಗಳು ಒತ್ತಿಸಿಕೊಳ್ಳುತ್ತಿದ್ದವು. ಮೊದಮೊದಲು ಒಂದು ಮಾತಿಗೆ ಒಂದು ಗುಟುಕು ನೀರು ಬೇಕಾಗುತ್ತಿತ್ತು. ಚಿಕಿತ್ಸೆಗೆಂದು ಕೇಳಲು ಶುರುಮಾಡಿದವಳಿಗೆ ಆಮೇಲೆ ಆ ದನಿಯನ್ನೇ ಕೇಳುವ ಆಸೆಯಾಯಿತು.

ಒಂದು ಬೆಳಿಗ್ಗೆ ದೋಲ್ಮಾ ಅವರ ಕೈಗೆ ಚುರ್ಪಿಯ ಚೂರು ಕೊಟ್ಟು, "ಕಡೀಬ್ಯಾಡ್ರಿ, ಬಾಯಾಗ ಇಟಗೋರಿ ಅಷ್ಟ," ಎಂದಳು. ಅವರು ಅದನ್ನು ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದರು. ಆ ಕೆನ್ನೆಯೊಳಗೆ ಮತ್ತೇನನ್ನೂ ಇಡಲು ಅವರಿಗೆ ಭಯವಿತ್ತು. ಕೊನೆಗೆ ಇಟ್ಟುಕೊಂಡರು. ಸ್ತೂಪಕ್ಕೆ ಒಂದು ಸುತ್ತು ಬಂದೆವು. ಅವರು ನಿಂತು ಗಂಟಲನ್ನು ಮುಟ್ಟಿಕೊಂಡು, "ನೀರಿಲ್ಲದ ನುಂಗಿದೆ," ಎಂದರು. ನಾನು ಪಾರಿವಾಳಗಳಿಗೆ ಹಾಕುವ ಕಾಳು ಮಾರುವವಳ ಪಕ್ಕ ಕೂತುಬಿಟ್ಟೆ.

ಪಶುಪತಿ

ಕೊನೆಗೆ ದೇವರ ಸಾಲವನ್ನೂ ತೀರಿಸಿದೆವು. ಪಶುಪತಿನಾಥನ ದರ್ಶನವಾಗಿ ಹೊರಗೆ ಬಂದರೆ ಬಾಗ್ಮತಿ ಹೊಳೆಯ ದಂಡೆಯಲ್ಲಿ ಚಿತೆಗಳು. ನಮ್ಮಲ್ಲಿ ಗುಡಿಗೆ ಹೋಗಿ ಬರುವಾಗ ಸುಡುಗಾಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಗುಡಿಯ ಮೆಟ್ಟಿಲೇ ಸುಡುಗಾಡು. ಯಾರದೋ ಮನೆಯವರು ಹೆಣವನ್ನು ಇಳಿಜಾರು ಕಲ್ಲಿನ ಮೇಲೆ ಮಲಗಿಸಿ, ಹೊಳೆಯ ನೀರನ್ನು ಬೊಗಸೆಯಲ್ಲಿ ತಂದು ಅದರ ಬಾಯಿಗೆ ಬಿಡುತ್ತಿದ್ದರು. ಪೈಲ್ವಾನರು ಕಣ್ಣು ಕೀಳದೆ ನೋಡಿದರು.

"ವಸ್ತಾದರ ಬಾಯಿಗೆ ಕಡೇ ನೀರ ಹಾಕಿದವ ನಾನ. ಹಸನಸಾಬ ವಸ್ತಾದರು," ಎಂದು ಕಿವಿ ಮುಟ್ಟಿಕೊಂಡರು. "ನೀರ ನುಂಗಿ ಒಂದ ಮಾತ ಅಂದ್ರು. ಮಣ್ಣ ಒಣಗಾಕ ಬಿಡಬ್ಯಾಡೋ ಅಂದ್ರು."

ಗರಡಿಯ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಹಾಕಿ ಹದ ಮಾಡುತ್ತಾರೆ. ಬಿಟ್ಟರೆ ಅದು ಕಲ್ಲಾಗುತ್ತದೆ, ಬಿದ್ದವರ ಮೂಳೆ ಮುರಿಯುತ್ತದೆ. ನಮ್ಮ ಗರಡಿಯ ಮಣ್ಣು ಆಗ ಕಲ್ಲಾಗಿತ್ತು. ಇಬ್ಬರೂ ಅದನ್ನು ಬಲ್ಲೆವು. ಚಿತೆಯ ಹೊಗೆ ನಮ್ಮ ಕಡೆ ತಿರುಗಿದಾಗ ಅವರು, "ಊರಿಗೆ ಹೋಗೂಣು," ಎಂದರು.

ಹೊರಡುವಾಗ ದೋಲ್ಮಾ ಬೀಜಗಳ ಪೊಟ್ಟಣ ಕೊಟ್ಟು ನನಗೆ ಅಂಟಿಸುವುದನ್ನು ಕಲಿಸಿದಳು. ತನ್ನ ಅವ್ವನಿಗೆ ಒಂದು ಶಾಲು ಕಳಿಸಿದಳು. "ಮುಂಡಗೋಡದ ಗೋವಿನಜೋಳದ ವಾಸನಿ ಕನಸಿನ್ಯಾಗ ಬರತೈತಿ ಕಾಕು," ಎಂದಳು. ನಮಗೆ ಕಠ್ಮಂಡು ಪರದೇಶ, ಅವಳಿಗೆ ಮುಂಡಗೋಡ ತವರು. ಪುಡಿಯಾದ ಖಡಕ್ ರೊಟ್ಟಿಯನ್ನೇ ಅವಳ ಡಬ್ಬಿಗೆ ಸುರಿದು ಬಂದೆ.

ಮತ್ತೆ ಹಳಿಯಾಳ

ಊರಿಗೆ ಬಂದ ಮೇಲೆ ಹುಬ್ಬಳ್ಳಿಯ ಚೆಕಪ್ ಆಯಿತು. ರೋಗ ತಿರುಗಿ ಬಂದಿಲ್ಲ. ಜೊಲ್ಲು ಸ್ವಲ್ಪ ಹೆಚ್ಚಿದೆ, ಇಷ್ಟರಲ್ಲೇ ನಿಲ್ಲಬಹುದು, ಕಡಿಮೆಯೂ ಆಗಬಹುದು ಎಂದರು ಡಾಕ್ಟರು. ಅದು ಬಂದದ್ದು ಸೂಜಿಯಿಂದಲೋ, ಬೀಜದಿಂದಲೋ, ಕಾಲ ಕಳೆದದ್ದರಿಂದಲೋ, ಬಾಯಿ ಬಿಟ್ಟು ಮಾತಾಡಿದ್ದರಿಂದಲೋ ನನಗೆ ತಿಳಿಯದು. ಬಾಟಲಿ ಈಗಲೂ ಅವರ ಕೈಯಲ್ಲಿದೆ.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಕೂತಿದ್ದೆ. ಪೈಲ್ವಾನರು ಬಂದು ಬುಟ್ಟಿಯಿಂದ ಬಿಸಿ ರೊಟ್ಟಿ ತೆಗೆದು, ಒಂದು ಚೂರು ಮುರಿದು, ಬದನೆಕಾಯಿ ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟರು. ನಾನು ತಲೆ ಎತ್ತಲಿಲ್ಲ. ಬಹಳ ಹೊತ್ತು ಅಗಿದರು, ಒಂದು ಗುಟುಕು ನೀರು ಕುಡಿದರು, ಅರ್ಧ ರೊಟ್ಟಿ ಮುಗಿಸಿದರು. "ಉಪ್ಪ ಕಡಿಮಿ ಐತಿ," ಎಂದರು. ಅವರ ಬಾಯಿಗೆ ರುಚಿಯೂ ಪೂರ್ತಿ ಮರಳಿಲ್ಲ, ಅದು ನನಗೆ ಗೊತ್ತು. ಹೌದ್ರಿ ಎಂದೆ.

ಆಮೇಲೆ, "ಮಜ್ಜಿಗಿ ಐತೇನ?" ಎಂದು ಕೇಳಿದರು. ಗಂಟಲಿಗೆ ಸಿಕ್ಕಿತೇನೋ ಎಂದು ಲೋಟದಲ್ಲಿ ಕೊಟ್ಟೆ.

"ಲೋಟಾ ಅಲ್ಲ, ಕೊಡಾ ಕೊಡು," ಎಂದರು. ಎಣ್ಣೆಯ ಡಬ್ಬಿಯನ್ನೂ ಅರಿಸಿನವನ್ನೂ ಕೇಳದೆಯೇ ತೆಗೆದುಕೊಂಡರು. ಕೊಡ ಹೆಗಲ ಮೇಲಿಟ್ಟುಕೊಂಡು ಓಣಿಯ ತುದಿಗೆ ನಡೆದರು.

ಗುದ್ದಲಿಯ ಸಪ್ಪಳ ಬಹಳ ಹೊತ್ತು ಕೇಳಿಸಿತು. ಮಣ್ಣು ಅಷ್ಟು ಗಟ್ಟಿಯಾಗಿತ್ತು. ಸಪ್ಪಳ ನಿಂತ ಮೇಲೆ ಗರಡಿಯ ಕಡೆಯಿಂದ ಒಡಕು ದನಿ ಬಂತು. ಮೊದಲಿನ ಗುಡುಗು ಅಲ್ಲ, ನಡುವೆ ಎರಡು ಕಡೆ ಒಣಗಿ ತುಂಡಾಯಿತು. ಆದರೂ ಮಣ್ಣು ಹದ ಮಾಡುವ ಮೊದಲು ಹೇಳಬೇಕಾದ ವಸ್ತಾದರ ಹೆಸರನ್ನು ಓಣಿಗೆಲ್ಲ ಕೇಳುವಂತೆ ಪೂರ್ತಿ ಹೇಳಿದರು.

ನಾನು ಆ ಗರಡಿಯ ಶಿಷ್ಯಳಲ್ಲ, ಹೆಂಗಸರು ಅದರ ಹೊಸ್ತಿಲು ದಾಟುವುದಿಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗ ನೋಡಿಕೊಂಡೆ: ಹಿಟ್ಟು ಮೆತ್ತಿದ ನನ್ನ ಕೈ ನನ್ನ ಕಿವಿಯ ಹಾಲೆಯನ್ನು ಹಿಡಿದುಕೊಂಡಿತ್ತು.